ಒರೆಸಿದ ಚೆಂಡು

ಕಾರ್ನ್‌ವೆಲಿನ್ ಊರಿನ ಗಾಲ್ಫ್ ಮೈದಾನ ಇರುವುದು ಊರ ಮೇಲಿನ ಬೆಟ್ಟದಲ್ಲಿ. ಬೆಟ್ಟ ಕ್ಲಬ್ಬಿನದಲ್ಲ, ಕುರಿಗಳದ್ದು. ಗಾಲ್ಫ್ ಎಂಬ ಆಟ ವೇಲ್ಸಿಗೆ ಕಾಲಿಡುವ ಎಷ್ಟೋ ಮೊದಲಿನಿಂದ ಅಲ್ಲಿ ಕುರಿ ಮೇಯಿಸುವ ಹಕ್ಕು ಊರಿನ ಹದಿನಾಲ್ಕು ಮನೆಗಳಿಗಿತ್ತು. ಕ್ಲಬ್ಬಿನವರು ಆಮೇಲೆ ಬಂದು ಹದಿನೆಂಟು ಕುಳಿ ತೋಡಿ, ಬಾವುಟ ನೆಟ್ಟು, ಪ್ರತಿ ಕುಳಿಯ ಸುತ್ತಲಿನ ನುಣುಪು ಹುಲ್ಲಿಗೆ ತಂತಿ ಬೇಲಿ ಕಟ್ಟಿಕೊಂಡರು, ಅಷ್ಟೆ. ಮಿಕ್ಕದ್ದೆಲ್ಲ ಕುರಿಗಳ ಕಾರುಬಾರು. ಅವು ಮೇಯುತ್ತಿದ್ದವು, ಮಲಗುತ್ತಿದ್ದವು, ಆಡುವವರ ಮುಖವನ್ನೇ ನೋಡುತ್ತ ಹಿಕ್ಕೆ ಹಾಕುತ್ತಿದ್ದವು. ಹಾಗಾಗಿ ಆ ಮೈದಾನಕ್ಕೆ ಅದರದೇ ಆದ ಒಂದು ನಿಯಮವಿತ್ತು. ಕ್ಲಬ್ಬಿನ ಗೋಡೆಗೆ ಹಲಗೆ ಬರೆಸಿ ಹಾಕಿದ್ದರು: ಚೆಂಡು ಹಿಕ್ಕೆಯ ಮೇಲೆ ಬಿದ್ದರೆ ಎತ್ತಿ, ಒರೆಸಿ, ಪಕ್ಕಕ್ಕಿಟ್ಟು ಆಡಬಹುದು, ದಂಡವಿಲ್ಲ.

ಬೇರೆ ಕಡೆ ಇದು ನಡೆಯುವುದಿಲ್ಲ. ಕುಳಿಯ ಸುತ್ತಲಿನ ನುಣುಪು ಹುಲ್ಲನ್ನು ಬಿಟ್ಟರೆ, ಚೆಂಡು ಎಲ್ಲಿ ಬಿತ್ತೋ ಅಲ್ಲಿಂದಲೇ ಹೊಡೆಯಬೇಕು. ಕೆಸರಾದರೂ ಸರಿ, ಕಲ್ಲಾದರೂ ಸರಿ. ಕೈಯಿಂದ ಎತ್ತಿದರೆ ಒಂದು ಹೊಡೆತದ ದಂಡ, ಅಂದರೆ ಲೆಕ್ಕಕ್ಕೆ ಒಂದು ಹೊಡೆತ ಹೆಚ್ಚು; ಕಡಿಮೆ ಹೊಡೆತದವನೇ ಗೆಲ್ಲುವ ಆಟ ಇದು. ಇದು ಗೊತ್ತಿಲ್ಲದ ಆಟಗಾರನೇ ಇಲ್ಲ. ಮೆರ್ವಿನ್ ಪ್ರೊಸೆರ್‌ಗೂ ಚೆನ್ನಾಗಿ ಗೊತ್ತಿತ್ತು. ಆದರೆ ಅವನು ಹದಿನೈದನೆಯ ವಯಸ್ಸಿನಿಂದ ದಿನಕ್ಕೆ ಹತ್ತು ಸಲ, ಇಪ್ಪತ್ತು ಸಲ ಬಗ್ಗಿ, ಚೆಂಡೆತ್ತಿ, ಎಡತೊಡೆಗೆ ಎರಡು ಸಲ ಒರೆಸಿ, ಕೆಳಗಿಟ್ಟು ಆಡಿದವನು. ಮಾತಾಡುತ್ತಲೇ ಒರೆಸುತ್ತಿದ್ದ, ನಗುತ್ತಲೇ ಒರೆಸುತ್ತಿದ್ದ. ಉಸಿರಾಡುವುದನ್ನು ಯಾರಾದರೂ ಗಮನಿಸುತ್ತಾರೆಯೇ? ಅವನೂ ಗಮನಿಸುತ್ತಿರಲಿಲ್ಲ.

ಮೆರ್ವಿನ್‌ನ ಅಪ್ಪ ಐವರ್ ಕಲ್ಲಿದ್ದಲು ಗಣಿಯವನು. ಮಗ ಶಾಲೆ ಬಿಟ್ಟ ದಿನ ಅವನನ್ನು ಗಣಿಯ ಬಾಗಿಲಿಗೆ ಕರೆದುಕೊಂಡು ಹೋಗದೆ ಬೆಟ್ಟ ಹತ್ತಿಸಿ, ಕ್ಲಬ್ಬಿನ ವೃತ್ತಿ ಆಟಗಾರನಾಗಿದ್ದ ಮುದುಕ ಹಾಪ್ಕಿನ್‌ನ ಮುಂದೆ ನಿಲ್ಲಿಸಿದ. "ಇವನನ್ನ ಇಟ್ಕೊಳ್ಳಿ. ಏನು ಬೇಕಾದ್ರೂ ಮಾಡಿಸ್ಕೊಳ್ಳಿ. ನೆಲದ ಮೇಲೆ ಇದ್ರೆ ಸಾಕು" ಎಂದ. ಹಾಪ್ಕಿನ್ ಇಟ್ಟುಕೊಂಡ. ಹನ್ನೊಂದು ವರ್ಷ ಮೆರ್ವಿನ್ ಕೋಲುಗಳ ಹಿಡಿಗೆ ಚರ್ಮ ಸುತ್ತಿದ, ಬೂಟಿಗೆ ಮೊಳೆ ಹೊಡೆದ. ಹಾಪ್ಕಿನ್ ಸತ್ತ ಮೇಲೆ ಆ ಅಂಗಡಿ, ಆ ಕೆಲಸ ಅವನಿಗೇ ಬಂತು.

ವೃತ್ತಿ ಆಟಗಾರ ಎಂದರೆ ದೊಡ್ಡ ಹೆಸರಿನಂತೆ ಕೇಳುತ್ತದೆ. ಕ್ಲಬ್ಬಿನವರ ಕಣ್ಣಿಗೆ ಅವನು ಆಳು. ಸದಸ್ಯರು ಮುಂದಿನ ಬಾಗಿಲಿಂದ ಹೋಗಿ ಬೆಂಕಿಯ ಮುಂದೆ ಕೂತು ಬಿಯರ್ ಕುಡಿಯುತ್ತಿದ್ದರು. ಮೆರ್ವಿನ್ ಪಕ್ಕದ ಬಾಗಿಲಿಂದ ತನ್ನ ಅಂಗಡಿಗೆ ಹೋಗಿ ಕೈಗವಸು ಮಾರುತ್ತಿದ್ದ. ಹಲ್ಲಿನ ಡಾಕ್ಟರು, ಬ್ಯಾಂಕಿನವರು, ಮದ್ದಿನಂಗಡಿಯವರು ಅವನಿಂದ ಪಾಠ ಹೇಳಿಸಿಕೊಂಡು, ಸೊಂಟ ಬಗ್ಗದ ತಪ್ಪಿಗೆ ಕೋಲನ್ನು ಬೈದು ಹೋಗುತ್ತಿದ್ದರು. ಅವರಲ್ಲಿ ಒಬ್ಬರಿಗೂ ಅವನ ಅರ್ಧದಷ್ಟು ಆಟ ಬರುತ್ತಿರಲಿಲ್ಲ. ಆದರೂ ಅವನಿಗೆ ಅವರೆಲ್ಲ "ಸರ್", ಅವರಿಗೆ ಅವನು ಬರೀ ಮೆರ್ವಿನ್.

ಆಟ ಮಾತ್ರ ಅವನದ್ದೇ. ಅವನು ಹೊಡೆದರೆ ಚೆಂಡಿನ ಸದ್ದೇ ಬೇರೆ. ಕೆಳಗೆ ಬಟ್ಟೆ ಒಣಹಾಕುವ ಹೆಂಗಸರು ಆ ಸದ್ದು ಕೇಳಿಯೇ "ಈಗ ಮೆರ್ವಿನ್ ಆಡ್ತಿದಾನೆ" ಎನ್ನುತ್ತಿದ್ದರು. ಜಿಲ್ಲೆಯ ವೃತ್ತಿಪರರ ಪಂದ್ಯವನ್ನು ಮೂರು ಸಲ ಗೆದ್ದ. ಆದರೆ ಜಿಲ್ಲೆ ಗೆದ್ದವನು ಮರುದಿನ ಮತ್ತೆ ಅಂಗಡಿಗೇ ಬರಬೇಕು. ಅವನಿಗೆ ಬೇಕಾಗಿದ್ದು ಒಂದು ಕಾರ್ಡು. ಅದಿದ್ದರೆ ವರ್ಷವಿಡೀ ಊರೂರು, ದೇಶದೇಶ ತಿರುಗಿ ದೊಡ್ಡವರ ಜೊತೆ ಆಡಬಹುದು, ಆಟವಾಡಿಯೇ ಬದುಕಬಹುದು. ಅದಕ್ಕೆ ಪ್ರತಿ ಶರತ್ಕಾಲ ಇಂಗ್ಲೆಂಡಿನ ಕಡಲತೀರದ ಒಂದು ಮೈದಾನದಲ್ಲಿ ನಾಲ್ಕು ದಿನದ ಪರೀಕ್ಷೆ. ನೂರೈವತ್ತು ಜನ ಆಡುತ್ತಾರೆ, ನಲವತ್ತು ಜನಕ್ಕೆ ಕಾರ್ಡು ಸಿಗುತ್ತದೆ. ಮೆರ್ವಿನ್ ಮೂವತ್ತೆರಡರಲ್ಲಿ ಹೋಗಿ ಸೋತ. ಮೂವತ್ತೈದರಲ್ಲಿ ಹೋಗಿ ಸೋತ. 1978ರಲ್ಲಿ, ಮೂವತ್ತೆಂಟರಲ್ಲಿ, ಮೂರನೆಯ ಸಲ ರಜೆ ಕೇಳಿದಾಗ ಕ್ಲಬ್ಬಿನ ಕಾರ್ಯದರ್ಶಿ ಮಿಸ್ಟರ್ ಬೀವನ್ ಪೈಪಿನಲ್ಲಿ ಹೊಗೆಸೊಪ್ಪು ತುಂಬುತ್ತ ಹೇಳಿದರು:

"ಹೋಗಿ ಬಾ ಮೆರ್ವಿನ್. ಆದ್ರೆ ಇದೇ ಕಡೇದು. ಅಂಗಡಿ ಮುಚ್ಚಿದ್ರೆ ಸದಸ್ಯರಿಗೆ ತೊಂದರೆ ಆಗತ್ತೆ. ಅರ್ಥ ಆಯ್ತಲ್ಲ?"

"ಆಯ್ತು ಸರ್."

ಮನೆಯಲ್ಲಿ ಹೆಂಡತಿ ಮೆನ್ನ ಶಾಲೆಯ ಅಡುಗೆಮನೆಯಲ್ಲಿ ದುಡಿದು ಬಂದು, ಅವನ ಪ್ಯಾಂಟುಗಳನ್ನು ಉಜ್ಜುತ್ತಿದ್ದಳು. ಮದುವೆಯಾದಂದಿನಿಂದ ಉಜ್ಜುತ್ತಿದ್ದಾಳೆ. ಪ್ರತಿ ಪ್ಯಾಂಟಿನ ಎಡತೊಡೆಯಲ್ಲಿ ಅಂಗೈಯಗಲದ ಹಸಿರುಗಪ್ಪು ಕಲೆ. ಸೋಪಿಗೆ ಜಗ್ಗದು, ಸೋಡಾಕ್ಕೆ ಜಗ್ಗದು.

"ಲೋಕದಲ್ಲಿ ಟವೆಲ್ ಅಂತ ಒಂದು ಕಂಡುಹಿಡಿದಿದಾರೆ. ನಿಮ್ಮ ಬೆಟ್ಟಕ್ಕೆ ಆ ಸುದ್ದಿ ಇನ್ನೂ ಹತ್ತಿಲ್ವಾ?"

ಇದಕ್ಕೆ ಉತ್ತರ ಕೊಡುತ್ತಿದ್ದವನು ಕ್ಲೆಡ್. ಮೆರ್ವಿನ್‌ನ ಬಾಲ್ಯದ ಗೆಳೆಯ. ಗಣಿಯ ಧೂಳು ಶ್ವಾಸಕೋಶಕ್ಕಿಳಿದು ಕೆಲಸ ಬಿಟ್ಟವನು. ಬೆಟ್ಟದಲ್ಲಿ ಅರವತ್ತು ಕುರಿ ಸಾಕಿಕೊಂಡು, ಪಂದ್ಯಗಳಿಗೆ ಮೆರ್ವಿನ್‌ನ ಕೋಲಿನ ಚೀಲ ಹೊರುತ್ತಿದ್ದ. ಅಡುಗೆಮನೆಯ ಮೂಲೆಯಲ್ಲಿ ಚಹಾ ಹೀರುತ್ತ, "ನನ್ನ ಕುರಿ ಶುದ್ಧ ಹುಲ್ಲು ತಿನ್ನೋದು ಮೆನ್ನಾ. ಅದನ್ನ ಕಲೆ ಅನ್ಬೇಡ. ಬಣ್ಣ ಅನ್ನು" ಎನ್ನುತ್ತಿದ್ದ.

"ನಿನ್ನ ಮುಖಕ್ಕೂ ಒಂದು ಕೈ ಬಳೀಲಾ ಆ ಬಣ್ಣಾನ?"

ಆ ಸಲ ಪರೀಕ್ಷೆಗೆಂದು ಮೆನ್ನ ಹೊಸ ಪ್ಯಾಂಟು ತಂದಳು. ತಿಳಿ ಕೆನೆ ಬಣ್ಣದ್ದು. ಗಂಡ ದೊಡ್ಡವರ ನಡುವೆ ಕುರಿಕಾಯುವವನ ಹಾಗೆ ಕಾಣಬಾರದೆಂದು ಅವಳ ಆಸೆ. ಅದನ್ನು ಕಡೆಯ ದಿನಕ್ಕೆಂದೇ ಕಾಗದದಲ್ಲಿ ಸುತ್ತಿ, ಒಣದ್ರಾಕ್ಷಿ ಬ್ರೆಡ್ಡಿನ ಜೊತೆ ಪೆಟ್ಟಿಗೆಗಿಟ್ಟು, ಹೊರಡುವಾಗ ಕ್ಲೆಡ್‌ನ ಕೈಹಿಡಿದು ಹೇಳಿದಳು: "ನೋಡು, ಇವನಿಗೆ ಹೇಳಿ ಪ್ರಯೋಜನ ಇಲ್ಲ. ನಿನಗೆ ಹೇಳ್ತೀನಿ. ಈ ಪ್ಯಾಂಟು ಹೋದ ಹಾಗೇ ವಾಪಸ್ ಬರ್ಬೇಕು."

"ನನ್ನ ಜವಾಬ್ದಾರಿ" ಎಂದ ಕ್ಲೆಡ್.

ಕುರಿ ಸಾಗಿಸುವ ವ್ಯಾನಿನಲ್ಲಿ ಇಬ್ಬರೂ ಹೋದರು. ಬೇರೆ ಆಟಗಾರರು ಒಳ್ಳೊಳ್ಳೆಯ ಕಾರುಗಳಲ್ಲಿ ಬಂದಿಳಿಯುವಾಗ ಇವರ ವ್ಯಾನಿನಿಂದ ಹುಲ್ಲಿನ ಕಡ್ಡಿ ಉದುರಿತು. ಮೊದಲ ಮೂರು ದಿನ ಮೆರ್ವಿನ್ ಆಡಿದ ಆಟವನ್ನು ಅವನೇ ನಂಬಲಿಲ್ಲ. ಸಮುದ್ರದ ಗಾಳಿಗೆ ಉಳಿದವರು ತತ್ತರಿಸುತ್ತಿದ್ದರೆ ಇವನಿಗೆ ಅದು ಮನೆಯಂಗಳದ ಗಾಳಿ. ನಾಲ್ಕನೆಯ ದಿನ ಮಧ್ಯಾಹ್ನ ಜಿನುಗು ಮಳೆಯೂ ಹಿಡಿಯಿತು, ಬೆಟ್ಟದಲ್ಲಿ ಹಿಡಿಯುವಂಥದ್ದೇ. ಕಡೆಯ ಕುಳಿಗೆ ಬರುವಷ್ಟರಲ್ಲಿ ಲೆಕ್ಕ ಸ್ಪಷ್ಟವಾಗಿತ್ತು. ಅದನ್ನು ನಾಲ್ಕು ಹೊಡೆತದಲ್ಲಿ ಮುಗಿಸಿದರೆ ಕಾರ್ಡು. ಐದಾದರೆ ಇಲ್ಲ.

ಮೊದಲ ಹೊಡೆತ ನೆಟ್ಟಗೆ ಹೋಯಿತು. ಎರಡನೆಯದು ನುಣುಪು ಹುಲ್ಲಿಗೆ ಎಂಟು ಹೆಜ್ಜೆ ಮೊದಲೇ ನಿಂತಿತು. ಅಲ್ಲೊಂದು ಚಿಕ್ಕ ದಿಬ್ಬ, ಮೊಲಗಳ ಬಿಲ. ಚೆಂಡು ಮೊಲದ ಹಿಕ್ಕೆಯ ನಡುವೆ ಕೂತಿತ್ತು.

ಇಬ್ಬರೂ ನಡೆದುಕೊಂಡು ಬಂದರು. ಕ್ಲೆಡ್ ಏನೋ ತಮಾಷೆ ಹೇಳುತ್ತಿದ್ದ, ಮೆರ್ವಿನ್ ನಗುತ್ತಿದ್ದ. ಅವನು ಸುಖವಾಗಿದ್ದ, ಅದೇ ಮುಳುವಾದದ್ದು. ಹೆದರಿದ್ದರೆ ಕೈಯ ಮೇಲೆ ಕಣ್ಣಿರುತ್ತಿತ್ತು. ನಗುತ್ತ ಬಗ್ಗಿದ, ಚೆಂಡೆತ್ತಿದ, ಎಡತೊಡೆಗೆ ಒಮ್ಮೆ ಒರೆಸಿದ, ಇನ್ನೊಮ್ಮೆ ಒರೆಸಿದ.

ಜೊತೆಯಲ್ಲಿ ಆಡುತ್ತಿದ್ದವನು ಯಾರ್ಕ್‌ಷೈರ್ ಕಡೆಯ ಒಬ್ಬ ದಢೂತಿ ಆಳು. ಅವನೇ ಮೊದಲು ಬಾಯಿಬಿಟ್ಟ. "ಅಯ್ಯೋ ದೇವ್ರೇ" ಎಂದ, ಮೆಲ್ಲಗೆ. "ಏನ್ ಮಾಡ್ಬಿಟ್ಟೆ ಗುರುವೇ?"

ಮೆರ್ವಿನ್ ಕೈಯಲ್ಲಿದ್ದ ಚೆಂಡನ್ನು ನೋಡಿದ. ಬೆಳ್ಳಗೆ, ಚೊಕ್ಕವಾಗಿ ಹೊಳೆಯುತ್ತಿತ್ತು. ಅವನು ಅದನ್ನು ಎತ್ತಿದ ಜಾಗದಲ್ಲೇ ಇಟ್ಟ. ಬೇರೇನೂ ಮಾಡುವುದಿರಲಿಲ್ಲ. ಆಮೇಲೆ ಹೊಡೆದ ಹೊಡೆತ ತಾನು ನೋಡಿದ ಅತ್ಯುತ್ತಮ ಹೊಡೆತಗಳಲ್ಲಿ ಒಂದು ಎಂದು ಆ ಯಾರ್ಕ್‌ಷೈರಿನವನು ಎಲ್ಲರಿಗೂ ಹೇಳಿದನಂತೆ. ಚೆಂಡು ಕುಳಿಯಿಂದ ಒಂದು ಗೇಣು ದೂರದಲ್ಲಿ ನಿಂತಿತು. ಇನ್ನೊಂದು ತಟ್ಟು, ಮುಗಿಯಿತು. ಹೊಡೆದದ್ದು ನಾಲ್ಕು. ದಂಡ ಸೇರಿ ಐದು. ಸಂಜೆ ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಗೆದ್ದವರ ಕೆಳಗೆ ಒಂದು ಗೆರೆ ಎಳೆದಿದ್ದರು. ಆ ಗೆರೆಯ ಕೆಳಗಿನ ಮೊದಲ ಹೆಸರು ಅವನದು.

ವ್ಯಾನಿನಲ್ಲಿ ವೇಲ್ಸಿಗೆ ವಾಪಸಾಗುತ್ತ ಸೆವರ್ನ್ ಸೇತುವೆ ದಾಟುವಾಗ ಕ್ಲೆಡ್‌ಗೆ ಕೆಮ್ಮು ಬಂತು, ಬಹಳ ಹೊತ್ತು ಕೆಮ್ಮಿದ. ಮೆರ್ವಿನ್ ಕಿಟಕಿಯ ಕಡೆ ತಿರುಗಿ ಕೂತಿದ್ದ. ಚೀಲ ಹೊರುವವನ ಕೆಲಸ ಬರೀ ಹೊರುವುದಲ್ಲ, ಆಟಗಾರನನ್ನು ಕಾಯುವುದು. 'ಮುಟ್ಟಬೇಡ' ಎಂಬ ಒಂದು ಮಾತು ಸಾಕಿತ್ತು. ಕ್ಲೆಡ್ ಎರಡು ಹೆಜ್ಜೆ ದೂರದಲ್ಲೇ ನಿಂತಿದ್ದನಲ್ಲ, ಯಾಕೆ ಹೇಳಲಿಲ್ಲ? ಕೇಳಬೇಕೆನಿಸಿತು. ಕೇಳಲಿಲ್ಲ.

ಮರುದಿನ ಮಧ್ಯಾಹ್ನ ಮನೆ ಸೇರಿದಾಗ ಮೆನ್ನ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಳು. ಗಂಡನ ಮುಖ ನೋಡುವ ಮೊದಲೇ ಅವಳ ಕಣ್ಣು ತೊಡೆಯ ಮೇಲೆ ಹೋಯಿತು. ಕೆನೆ ಬಣ್ಣದ ಮೇಲೆ ಅಂಗೈಯಗಲದ ಕಲೆ. ಅವಳು ಕೈಲಿದ್ದ ಒದ್ದೆ ಬಟ್ಟೆಯನ್ನು ಬುಟ್ಟಿಗೆ ಹಾಕಿದಳು.

"ಎಷ್ಟರಲ್ಲಿ ಹೋಯ್ತು?"

"ಒಂದೇ ಹೊಡೆತದಲ್ಲಿ."

"ಬಿಚ್ಚಿಕೊಡು, ನೆನೆಹಾಕ್ತೀನಿ" ಎಂದಳು.

ಇಷ್ಟಕ್ಕೇ ಮುಗಿದಿದ್ದರೆ ಅದನ್ನು ಕೆಟ್ಟ ದಿನ ಎಂದು ಮರೆಯಬಹುದಿತ್ತು. ಆದರೆ ನಮ್ಮ ಕಣಿವೆಯ ಊರುಗಳಿಗೆ ಒಂದು ಕೆಟ್ಟ ಚಾಳಿಯಿದೆ. ಊರಿನ ಅರ್ಧ ಜನ ಡೇವಿಸ್, ಇನ್ನರ್ಧ ಜೋನ್ಸ್ ಆದ್ದರಿಂದ ಪ್ರತಿಯೊಬ್ಬರಿಗೂ ಒಂದು ಅಡ್ಡಹೆಸರು ಬೇಕು. ಬಾಳಿನಲ್ಲಿ ಒಮ್ಮೆ ಮಾಡಿದ ಯಾವುದೋ ಕೆಲಸವನ್ನು ಹಿಡಿದು ಹಣೆಗೆ ಅಂಟಿಸಿಬಿಡುತ್ತಾರೆ. ಪ್ರಾರ್ಥನಾಮಂದಿರದ ಚಹಾಕೂಟದಲ್ಲಿ ಒಂದೇ ಒಂದು ಸಲ ಎರಡು ಕಡುಬು ತೆಗೆದುಕೊಂಡವನು ಸಾಯುವವರೆಗೂ 'ಎರಡ್ ಕಡುಬು ಡೇವಿಸ್' ಆಗಿದ್ದ. ಸತ್ತಾಗ ಪತ್ರಿಕೆಯ ಸಾವಿನ ಸುದ್ದಿಯಲ್ಲೂ ಹಾಗೇ ಹಾಕಿದರು, ಇಲ್ಲದಿದ್ದರೆ ಯಾರು ಸತ್ತದ್ದೆಂದು ಗೊತ್ತಾಗುವುದಿಲ್ಲವಲ್ಲ. ಪ್ರೊಸೆರ್ ಎಂಬ ಮನೆತನ ಊರಿಗೆಲ್ಲ ಒಂದೇ ಇತ್ತು, ಅವನಿಗೆ ಅಡ್ಡಹೆಸರಿನ ಅಗತ್ಯವೇ ಇರಲಿಲ್ಲ. ಆದರೂ ವಾರದೊಳಗೆ ಅವನು 'ಒರೆಸೋ ಮೆರ್ವ್' ಆದ.

ಯಾರಿಗೂ ಅವನ ಮೇಲೆ ದ್ವೇಷವಿರಲಿಲ್ಲ. ಪ್ರೀತಿಯಿಂದಲೇ ಕರೆಯುತ್ತಿದ್ದರು. ಬಾಗಿಲಲ್ಲಿ ಕಾಲೊರೆಸುತ್ತ "ನಮಗೆ ದಂಡ ಇಲ್ಲ ತಾನೆ ಮೆರ್ವ್?" ಎಂದು ನಗಿಸುತ್ತಿದ್ದರು. ಅವನೂ ನಗುತ್ತಿದ್ದ. ನಗದಿದ್ದರೆ ಇನ್ನೂ ಹತ್ತು ವರ್ಷ ಹೆಚ್ಚು ಹೇಳುತ್ತಾರೆಂದು ಅವನಿಗೆ ಗೊತ್ತಿತ್ತು.

ಮುಂದಿನ ಶರತ್ಕಾಲದಲ್ಲಿ ಅವನು ಪರೀಕ್ಷೆಗೆ ಹೋಗಲಿಲ್ಲ, ರಜೆ ಕೇಳಲೂ ಇಲ್ಲ. ಆ ನಾಲ್ಕು ದಿನ ಕಡಲತೀರದಲ್ಲಿ ಎಡೆಬಿಡದೆ ಮಳೆ ಸುರಿಯಿತು. ಮೈದಾನ ಕೆಸರುಗದ್ದೆಯಾಯಿತು. ಅಧಿಕಾರಿಗಳು ಯೋಚಿಸಿ, ಈ ಸಲಕ್ಕೆ ಮಾತ್ರ ಚೆಂಡನ್ನು ಎತ್ತಿ ಒರೆಸಿ ಆಡಬಹುದು ಎಂದು ಸಾರಿದರು. ಕ್ಲೆಡ್ ಅದನ್ನು ಅಂಗಡಿಯಲ್ಲಿ ಪತ್ರಿಕೆಯಲ್ಲಿ ಓದಿದ. ಪತ್ರಿಕೆಯನ್ನು ಮಡಿಸಿ ಕೈಗವಸಿನ ಪೆಟ್ಟಿಗೆಯ ಕೆಳಗೆ ಬಚ್ಚಿಟ್ಟ. ಮೆರ್ವಿನ್‌ಗೆ ಅದು ಸಿಕ್ಕಿಯೇಬಿಟ್ಟಿತು. ನಿಂತು ಓದಿದ, ಆಮೇಲೆ ನಕ್ಕ. ನೂರೈವತ್ತು ಜನ ನಾಲ್ಕು ದಿನ ಎತ್ತಿ ಎತ್ತಿ ಒರೆಸಿದ್ದರು, ಒಬ್ಬನಿಗೂ ದಂಡವಿರಲಿಲ್ಲ. ಅವನ ಆ ನಗು ನಿಲ್ಲದೆ ಹೋದದ್ದನ್ನು ನೋಡಿ ಕ್ಲೆಡ್ ಹೆದರಿ, ಓಡುತ್ತ ಏದುಸಿರು ಬಿಡುತ್ತ ಹೋಗಿ ಮೆನ್ನಳನ್ನು ಕರೆತಂದ.

ಅಂದಿನಿಂದ ಮೆರ್ವಿನ್ ಎಡಗೈಯನ್ನು ಜೇಬಿನಲ್ಲಿಟ್ಟುಕೊಂಡೇ ಚೆಂಡಿನ ಬಳಿಗೆ ನಡೆಯುವುದನ್ನು ಕಲಿತ. ಹೊಡೆಯುವಾಗಷ್ಟೇ ಅದನ್ನು ಹೊರತೆಗೆಯುತ್ತಿದ್ದ. ಕಾರ್ನ್‌ವೆಲಿನ್‌ನಲ್ಲಿ, ಅವನದೇ ಬೆಟ್ಟದಲ್ಲಿ, ಎತ್ತಿ ಒರೆಸಲು ಹಲಗೆಯೇ ಅಪ್ಪಣೆ ಕೊಟ್ಟಿದ್ದರೂ ಮುಟ್ಟುತ್ತಿರಲಿಲ್ಲ. ಹಿಕ್ಕೆಯ ಮೇಲಿದ್ದರೆ ಹಿಕ್ಕೆ ಸಮೇತ ಹೊಡೆಯುತ್ತಿದ್ದ, ಮುಖಕ್ಕೆಲ್ಲ ಹಾರಿಸಿಕೊಳ್ಳುತ್ತಿದ್ದ. "ಎತ್ತಬಹುದು ಕಣಯ್ಯ, ಇಲ್ಲಿ ತಪ್ಪಿಲ್ಲ" ಎಂದು ಹಲ್ಲಿನ ಡಾಕ್ಟರು ಹೇಳಿದರೆ "ಪರವಾಗಿಲ್ಲ ಸರ್" ಎನ್ನುತ್ತಿದ್ದ.

ಬಿಗಿಹಿಡಿದ ಕೈ ಕ್ರಮೇಣ ಆಟಕ್ಕೂ ಒಗ್ಗದೆ ಹೋಯಿತು. ಮೊದಮೊದಲು ಕುಳಿಯ ಹತ್ತಿರದ ಚಿಕ್ಕ ಹೊಡೆತಗಳಲ್ಲಿ ಅದು ಸಣ್ಣಗೆ ನಡುಗಿತು. ಆಮೇಲೆ ಅವುಗಳಲ್ಲಿ ಎರಡಕ್ಕೊಂದು ತಪ್ಪುತ್ತ ಬಂತು. ಮೂರು ಸಲ ಜಿಲ್ಲೆ ಗೆದ್ದವನು ಒಂದು ಮೊಳ ದೂರದ ಕುಳಿಗೆ ಚೆಂಡು ತಳ್ಳಲಾರದೆ ನಿಲ್ಲುವುದನ್ನು ನೋಡುವುದು ಕಷ್ಟವಾಗಿತ್ತು. ಜನ ಬೇರೆ ಕಡೆ ನೋಡುತ್ತಿದ್ದರು. ನಲವತ್ತೈದಕ್ಕೆ ಅವನು ಪಂದ್ಯಗಳಿಗೆ ಹೆಸರು ಕೊಡುವುದನ್ನೇ ಬಿಟ್ಟ. ಅದೇ ವರ್ಷ ಗಣಿಯೂ ಮುಚ್ಚಿತು. ಬೆಟ್ಟದ ಕೆಳಗಿನ ಹೆಂಗಸರಿಗೆ ಆಮೇಲೆ ಆ ಸದ್ದು ಕೇಳಿಸಲಿಲ್ಲ.

ಮೆನ್ನಳಿಗೆ ಉಜ್ಜುವ ಕೆಲಸ ತಪ್ಪಿತ್ತು. ಒಂದು ದಿನ ಮಡಿಸಿಟ್ಟ ಪ್ಯಾಂಟಿನ ಎಡತೊಡೆಯನ್ನು ಬೆಳಕಿಗೆ ಹಿಡಿದು ನೋಡಿ, ಅಲ್ಲೇ ಕುರ್ಚಿಯ ಮೇಲೆ ಕೂತುಬಿಟ್ಟಳು.

"ಕಲೆ ಇದ್ದಾಗ ಬೈತಿದ್ದೆ. ಈಗ ನಿನ್ನನ್ನ ಬೈಯೋಕೂ ಏನೂ ಉಳಿದಿಲ್ಲ, ಮೆರ್ವಿನ್."

ಅವನು ಬೂಟಿನ ದಾರ ಬಿಚ್ಚತೊಡಗಿದ.

"ಕ್ಲೆಡ್‌ನ ಒಂದ್ಸಲ ಕೇಳಿಬಿಡು. ಒಳಗೇ ಇಟ್ಕೊಂಡು ಕೊಳೀತಿದೀಯ."

"ಕೇಳಿ ಏನಾಗ್ಬೇಕು?" ಎಂದು ಎದ್ದು ಹೋದ.

ಆದರೆ ಮೆನ್ನ ಹೇಳಿದ್ದು ನಿಜ. ಅವನು ಕ್ಲೆಡ್‌ನ ಜೊತೆ ಚಹಾ ಕುಡಿಯುತ್ತಿದ್ದ, ಕುರಿಗೆ ಔಷಧಿ ಕುಡಿಸಲು ಹೋಗುತ್ತಿದ್ದ, ಚಳಿಗಾಲದಲ್ಲಿ ಅವನ ಮನೆಗೆ ಕಲ್ಲಿದ್ದಲು ಹೊತ್ತು ಹಾಕುತ್ತಿದ್ದ. ಅಷ್ಟೆಲ್ಲ ಮಾಡುತ್ತಲೇ, ನೀನು ಬಾಯಿಬಿಡಬಹುದಿತ್ತು ಎಂದು ಒಳಗೊಳಗೇ ಅವನನ್ನು ದೂರುತ್ತಿದ್ದ. ತಪ್ಪು ಪೂರ್ತಿ ತನ್ನದೇ ಅಲ್ಲ, ಅರ್ಧ ಅವನದು. ಎಷ್ಟೋ ಬೆಳಗ್ಗೆ ಹಾಸಿಗೆ ಬಿಟ್ಟೇಳಲು ಆ ಅರ್ಧವೇ ಅವನಿಗೆ ಆಸರೆಯಾಗಿತ್ತು.

ಅರವತ್ತಕ್ಕೆ ಅವನ ಕೆಲಸ ಮುಗಿಯಿತು. ಇನ್ನು ಮುಂದೆ ವೃತ್ತಿ ಆಟಗಾರ ಬೇಡ, ಅಂಗಡಿಯೂ ಬೇಡ ಎಂದು ಸಮಿತಿ ತೀರ್ಮಾನಿಸಿತ್ತು. ಬೀಳ್ಕೊಡುಗೆಗೆ ಅವನನ್ನು ಮುಂದಿನ ಬಾಗಿಲಿಂದ ಒಳಗೆ ಕರೆದರು. ನಲವತ್ತೈದು ವರ್ಷದಲ್ಲಿ ಆ ಬಾಗಿಲು ದಾಟಿದ್ದು ಅದೇ ಮೊದಲು. ಆ ವರ್ಷದ ಕ್ಯಾಪ್ಟನ್ ಒಳ್ಳೆಯ ನಾಲ್ಕು ಮಾತಾಡಿ, ರೇಷ್ಮೆ ದಾರ ಕಟ್ಟಿದ ಪೆಟ್ಟಿಗೆ ಕೊಟ್ಟರು. ಒಳಗೆ ದಪ್ಪನೆಯ ಬಿಳಿ ಟವೆಲ್, ಮೂಲೆಯಲ್ಲಿ ಅವನ ಹೆಸರಿನ ಕಸೂತಿ.

"ಸ್ವಲ್ಪ ತಡವಾಯ್ತು ಮೆರ್ವ್, ಕ್ಷಮಿಸ್ಬೇಕು!"

ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತು. ಅವನೂ ನಕ್ಕ, ಥ್ಯಾಂಕ್ಸ್ ಹೇಳಿದ. ಮೆನ್ನ ಮಾತ್ರ ನಗಲಿಲ್ಲ. ಕೋಟು ಹಾಕಿಕೊಂಡು ಒಬ್ಬಳೇ ಮನೆಗೆ ನಡೆದಳು.

ಬಿಟ್ಟುಹೋಗುವ ಆಟಗಾರ ಕಡೆಯ ಕುಳಿಯನ್ನು ಎಲ್ಲರೆದುರು ಆಡಿ ತೋರಿಸುವುದು ಕ್ಲಬ್ಬಿನ ಪದ್ಧತಿ. ಸದಸ್ಯರು ಗ್ಲಾಸು ಹಿಡಿದು ಕಿಟಕಿಯ ಬಳಿ ನಿಂತರು. ಚೀಲ ಹೊರಲು ಕ್ಲೆಡ್ ಬಂದ. ಉಸಿರು ಸಾಲದ್ದರಿಂದ ಎರಡೇ ಕೋಲು ತಂದಿದ್ದ. ಮೆರ್ವಿನ್ ಟವೆಲನ್ನು ಹೆಗಲ ಮೇಲೆ ಹಾಕಿಕೊಂಡು, ಎಡಗೈ ಜೇಬಿನಲ್ಲಿಟ್ಟು ನಡೆದ. ಮೊದಲ ಹೊಡೆತ ಚೆನ್ನಾಗಿಯೇ ಹೋಯಿತು. ಹೋಗಿ ನೋಡಿದರೆ ಚೆಂಡು ಹಸಿ ಹಿಕ್ಕೆಯ ನಡುವೆ ಕೂತಿತ್ತು.

"ನಂದೇ ಕುರಿ" ಎಂದ ಕ್ಲೆಡ್. "ಎತ್ತೋ. ಇವತ್ತಾದ್ರೂ ಎತ್ತು. ನಮ್ಮ ಹಲಗೇಲಿ ಬರ್ದಿದೆ, ಕಿಟಕೀಲಿ ನಿಂತೋರೆಲ್ಲ ಎತ್ತೋರೇ."

ಮೆರ್ವಿನ್ ಎಡಗೈ ಹೊರತೆಗೆದು ಬಗ್ಗಿದ. ಕೈ ಚೆಂಡಿಗಿಂತ ಒಂದು ಗೇಣು ಮೇಲೆ ನಿಂತಿತು. ಅಲ್ಲಿಂದ ಕೆಳಗೆ ಇಳಿಯಲಿಲ್ಲ. ಅವನು ಹಾಗೇ ಬಗ್ಗಿಕೊಂಡೇ ಕೇಳಿದ:

"ಅವತ್ತು ಯಾಕೆ ತಡೀಲಿಲ್ಲ ನೀನು?"

ಯಾವತ್ತು ಎಂದು ಕ್ಲೆಡ್ ಕೇಳಲಿಲ್ಲ. ಇಪ್ಪತ್ತೆರಡು ವರ್ಷದಿಂದ ಆ ಪ್ರಶ್ನೆಗೇ ಕಾದಿದ್ದವನ ಹಾಗೆ ಕೋಲುಗಳನ್ನು ನೆಲಕ್ಕಿಟ್ಟ.

"ತಡೆದೆ ಕಣೋ."

"ಏನ್ ತಡೆದೆ?"

"ಟವೆಲ್ ಚಾಚಿದ್ದೆ. ನೀನು ಬಗ್ಗಿದ್ದು ನೋಡ್ದೆ. ಎತ್ತಿದ್ದೂ ನೋಡ್ದೆ. ಅಯ್ಯೋ ಹೊಸ ಪ್ಯಾಂಟು, ಮೆನ್ನ ಬೈತಾಳೆ ಅಂತ ಚೀಲದಿಂದ ಟವೆಲ್ ಎಳೆದು ನಿನ್ನ ಕಡೆ ಚಾಚಿದ್ದೆ. ಇದಕ್ಕೆ ಒರೆಸ್ಕೋ ಅನ್ನೋಕೆ ಬಾಯಿ ತೆಗೆದಿದ್ದೆ. ಅಷ್ಟರಲ್ಲಿ ಆ ದಢೂತಿ ಬಾಯಿಬಿಟ್ಟ. ಅವನು ಬಾಯಿಬಿಡೋವರೆಗೂ ನಂಗೆ ಗೊತ್ತೇ ಆಗ್ಲಿಲ್ಲ, ಮೆರ್ವಿನ್. ದೇವರಾಣೆ, ಏನೂ ಅನ್ನಿಸ್ಲೇ ಇಲ್ಲ."

ಮೆರ್ವಿನ್ ಮೆಲ್ಲಗೆ ನೆಟ್ಟಗಾದ. ಗೆಳೆಯನ ಕಣ್ಣಲ್ಲಿ ಸುಳ್ಳಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಕ್ಲೆಡ್‌ನ ಮೇಲೆ ಹೊರಿಸಿದ್ದ ಆ ಅರ್ಧ ತಪ್ಪೂ ಹೋಗಿ, ಒರೆಸಿದ ಚೆಂಡು ಪೂರ್ತಿ ಅವನ ಕೈಗೇ ವಾಪಸು ಬಂತು. ಬೈಯಲು ಊರಲ್ಲಿ ಯಾರೂ ಇರಲಿಲ್ಲ.

ಕ್ಲೆಡ್‌ಗೆ ಕೆಮ್ಮು ಹತ್ತಿತು. ಬಗ್ಗಿ, ಮಂಡಿಗೆ ಕೈಯೂರಿ ಕೆಮ್ಮಿದ. ಮೆರ್ವಿನ್ ಹೆಗಲ ಮೇಲಿದ್ದ ಹೊಸ ಟವೆಲನ್ನು ತೆಗೆದು ಅವನ ಕಡೆ ಚಾಚಿದ. ಕ್ಲೆಡ್ ಅದರಲ್ಲಿ ಬಾಯಿ ಒರೆಸಿಕೊಂಡ, ಕಣ್ಣನ್ನೂ ಒರೆಸಿಕೊಂಡ. ಬಿಳಿ ಬಟ್ಟೆಯ ಮೇಲೆ ಗಣಿಯ ಕಪ್ಪು ಉಳಿಯಿತು. ಇಬ್ಬರೂ ಬೆಟ್ಟದ ಇಳಿಜಾರಿನಲ್ಲಿ ಊರಿನ ಕಡೆ ಇಳಿದರು, ಕ್ಲೆಡ್‌ನ ತೋಳನ್ನು ಮೆರ್ವಿನ್ ಹಿಡಿದುಕೊಂಡಿದ್ದ. ಚೆಂಡು ಬಿದ್ದಲ್ಲೇ ಇತ್ತು. ಅವನು ಇನ್ನೇನು ಹೊಡೆಯುತ್ತಾನೆಂದು ಕಿಟಕಿಯಲ್ಲಿದ್ದವರು ಸ್ವಲ್ಪ ಹೊತ್ತು ಕಾದರು.